ಈಸೂರಿನವರಿಗೊಂದು ಎಲೆ

ಭದ್ರಾವತಿಯ ಕಾರ್ಖಾನೆಯ ಸೈರನ್ನು ಬೆಳಗಿನ ಪಾಳಿಗೆ ಕೂಗುವ ಹೊತ್ತಿಗೆ ನಮ್ಮಮ್ಮ ಎರಡು ಕೈಚೀಲ, ಒಂದು ತಗಡಿನ ಟ್ರಂಕು ಬಾಗಿಲ ಬಳಿ ತಂದಿಟ್ಟು, ನಮ್ಮ ನಾಲ್ವರ ತಲೆಗೂ ಕೊಬ್ಬರಿ ಎಣ್ಣೆ ತಟ್ಟಿ, ಗಡಿಯಾರವನ್ನೂ ಬಾಗಿಲನ್ನೂ ನೋಡುತ್ತ ಕೂತಿರುತ್ತಿದ್ದಳು. ರಾತ್ರಿ ಪಾಳಿ ಮುಗಿಸಿದ ಅಪ್ಪ ಸೈಕಲ್ಲು ಒರಗಿಸಿ ಒಳಗೆ ಬಂದರೆ ಅವನ ಜೊತೆಗೇ ಇದ್ದಲಿನ, ಕಾದ ಕಬ್ಬಿಣದ, ಬೆವರಿನ ಒಂದು ವಾಸನೆ ಬರುತ್ತಿತ್ತು. ಆ ವಾಸನೆ ಬಚ್ಚಲ ಮನೆಯ ಸೀಗೆಕಾಯಿಯಲ್ಲಿ ಕರಗುವ ತನಕ ಕಾದು, ಅವನು ಮಡಿಸಿಟ್ಟ ಬಿಳಿ ಪಂಚೆ ಉಟ್ಟು ಈಚೆ ಬಂದನೆಂದರೆ ನಮಗೆ ಖಾತ್ರಿ, ಇವತ್ತು ಊರಿಗೆ ಹೊರಟೆವು, ನಾಳೆ ಹಿರೇರ ಹಬ್ಬ.

ವರ್ಷದಲ್ಲಿ ಬೇರೆ ಹಬ್ಬಗಳಿಗೆ ಹೋದರೆ ಹೋದೆವು, ಬಿಟ್ಟರೆ ಬಿಟ್ಟೆವು. ಯುಗಾದಿಯನ್ನು ಕ್ವಾರ್ಟರ್ಸಿನ ಎರಡು ಕೋಣೆಯಲ್ಲೇ ಮುಗಿಸಿದ ವರ್ಷಗಳಿವೆ. ಆದರೆ ಭಾದ್ರಪದದ ಅಮಾವಾಸ್ಯೆಗೆ ಮಾತ್ರ ಅಪ್ಪ ರಜೆಗಾಗಿ ಯಾರ ಕೈಕಾಲಾದರೂ ಹಿಡಿಯುತ್ತಿದ್ದ. ಬೇಕಾದರೆ ಎರಡು ಪಾಳಿ ಒಟ್ಟಿಗೆ ಮಾಡಿ ಒಂದು ದಿನ ಉಳಿಸುತ್ತಿದ್ದ. "ಇದ್ದೋರು ಸಿಟ್ಟು ಮಾಡ್ಕಂಡ್ರೆ ಸಮಾಧಾನ ಮಾಡ್ಬೌದು, ಹೋದೋರು ಹಸ್ಕಂಡು ತಿರುಗಿ ಹೋದ್ರೆ ಏನ್ ಮಾಡ್ತೀಯ" ಅನ್ನುವುದು ಅಜ್ಜಿಯ ಮಾತು, ಅದನ್ನೇ ಅವನೂ ಹೇಳುತ್ತಿದ್ದ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ರೈಲು. ಕಿಟಕಿ ಪಕ್ಕದ ಜಾಗಕ್ಕೆ ಅಣ್ಣನಿಗೂ ನನಗೂ ಜಗಳ ಹತ್ತಿ, ಅದು ಮುಗಿಯುವಷ್ಟರಲ್ಲಿ ಶಿವಮೊಗ್ಗ ಬಂದುಬಿಡುತ್ತಿತ್ತು. ಅಲ್ಲಿಂದ ಗಾಂಧಿ ಬಜಾರು. ಅಮ್ಮನ ಪಟ್ಟಿ ಬಾಯಲ್ಲೇ ಇರುತ್ತಿತ್ತು: ವಿಭೂತಿ ಗಟ್ಟಿ, ಕರ್ಪೂರ, ಲೋಬಾನ, ಊದಿನಕಡ್ಡಿ, ಬೆಲ್ಲದ ಅಚ್ಚು, ಅಜ್ಜನ ಹೆಸರಿನಲ್ಲಿ ಇಡುವುದಕ್ಕೆ ಒಂದು ಜೊತೆ ಪಂಚೆ, ಮುತ್ತಜ್ಜಿಯ ಹೆಸರಿನಲ್ಲಿ ಒಂದು ಕುಬಸದ ಖಣ. ಖಣದ ಅಂಗಡಿಯವರು ಬಣ್ಣ ಯಾವುದು ಬೇಕಮ್ಮ ಎಂದು ಕೇಳಿದರೆ ಅಮ್ಮ ಒಂದು ಗಳಿಗೆ ಸುಮ್ಮನೆ ನಿಂತು, ತಾನೆಂದೂ ನೋಡಿರದ ಆ ಮುದುಕಿಗೆ ಯಾವ ಬಣ್ಣ ಒಪ್ಪುತ್ತದೆಂದು ಯೋಚಿಸಿ, "ಹಸಿರಂಚಿಂದು ಕೊಡಿ" ಅನ್ನುತ್ತಿದ್ದಳು. ಪ್ರತಿ ವರ್ಷವೂ ಹಸಿರಂಚಿನದೇ. ಆಮೇಲೆ ಶಿಕಾರಿಪುರದ ಕಡೆಯ ಬಸ್ಸು, ಸವಳಂಗದ ಕೆರೆ ಕಂಡಾಗ ತಂಗಿಯ ವಾಂತಿ, ಅದಕ್ಕೆಂದೇ ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದ ಒಂದು ನಿಂಬೆಹಣ್ಣು, ಕೊನೆಗೆ ರಸ್ತೆಯ ಬದಿಯಲ್ಲಿ ಎತ್ತಿನ ಗಾಡಿ ಹೂಡಿಕೊಂಡು ನಿಂತ ದೊಡ್ಡಪ್ಪ.

ಅಜ್ಜಿಯ ಮನೆಯಲ್ಲಿ ಆ ಹೊತ್ತಿಗಾಗಲೇ ಮಕ್ಕಳ ದಂಡು ಸೇರಿರುತ್ತಿತ್ತು. ದೊಡ್ಡಪ್ಪನ ಐದು, ಚಿಕ್ಕಪ್ಪನ ಮೂರು, ಅತ್ತೆಯಂದಿರ ಮಕ್ಕಳು, ನಾವು. ಹದಿನೈದು ಹದಿನಾರು ತಲೆಗೆ ಕಡಿಮೆ ಇಲ್ಲ. ನಮ್ಮ ಕೆಲಸ ಮೊದಲೇ ಹಂಚಿಕೆಯಾಗಿರುತ್ತಿತ್ತು. ಮನೆಯೊಳಗಿನದೆಲ್ಲ ಹೆಂಗಸರದು, ಗಂಡಸರದು ಬಾಳೆಲೆ, ಸೌದೆ, ಹೊಲದ ಉಸಾಬರಿ. ಮಣ್ಣಿನ ಜಾಗ ಮಾತ್ರ ಮಕ್ಕಳದ್ದು.

ಮಣ್ಣಿನ ಜಾಗ ಅಂದರೆ ಕೆರೆಯ ಹಿಂದಿನ ದಿಣ್ಣೆ. ರುದ್ರಭೂಮಿ, ಸ್ಮಶಾನ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಮ್ಮವರಲ್ಲಿ ಸುಡುವ ಪದ್ಧತಿ ಇಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ. ಹಾಗಾಗಿ ಅಲ್ಲಿ ಮಲಗಿದವರು ಯಾರೂ ಇರಲಿಲ್ಲ, ಎಲ್ಲರೂ ಕೂತಿದ್ದರು. ಇದು ನಮ್ಮ ಮನಸ್ಸಿನಲ್ಲಿ ಎಷ್ಟು ಬೇರೂರಿತ್ತೆಂದರೆ, ಬೆಳಗಿನ ಮಂಜಿನಲ್ಲಿ ಕುಡುಗೋಲು, ಸಲಿಕೆ, ಬಿಂದಿಗೆ ಹೊತ್ತುಕೊಂಡು ಏರಿ ಹತ್ತುವಾಗ ಊರ ಹಿರಿಯರ ಪಂಚಾಯ್ತಿಗೆ ತಡವಾಗಿ ಹೋಗುತ್ತಿದ್ದೇವೆ ಅನ್ನಿಸಿ, ಅಲ್ಲಿಯ ತನಕ ಕೂಗಾಡುತ್ತಿದ್ದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದೆವು.

ಮಳೆಗಾಲ ಕಳೆದ ಆ ದಿಣ್ಣೆಯ ಮೇಲೆ ಸೊಂಟದೆತ್ತರ ಹುಲ್ಲು, ಲಂಟಾನದ ಪೊದೆ, ತುಂಬೆ, ಉತ್ತರಾಣಿ, ಅಂಚಿನಲ್ಲಿ ಹಳದಿ ಹೊತ್ತ ತಂಗಡಿ. ಲಂಟಾನ ಕೊಚ್ಚಿದಾಗ ಬರುವ ಆ ಘಾಟು ಈಗಲೂ ಎಲ್ಲಿ ಮೂಗಿಗೆ ಬಡಿದರೂ ನನಗೆ ಹಿರೇರ ಹಬ್ಬವೇ ನೆನಪು. ದೊಡ್ಡ ಹುಡುಗರು ಕೊಚ್ಚುವುದು, ಸಣ್ಣವರು ಎಳೆದು ಗುಡ್ಡೆ ಹಾಕುವುದು, ಹೆಣ್ಣುಮಕ್ಕಳು ಕೆರೆಯಿಂದ ನೀರು ತಂದು ಸಗಣಿ ಕಲಸಿ ಒಂದೊಂದೇ ಗುಡ್ಡೆಯನ್ನು ಬಳಿದು ಸಾರಿಸುವುದು. ಮಳೆಗೆ ಕುಸಿದದ್ದಕ್ಕೆ ಹೊಸ ಮಣ್ಣು ಏರಿಸುವುದು. ಒಂದಕ್ಕೂ ಹೆಸರಿನ ಕಲ್ಲಿರಲಿಲ್ಲ. ಅಜ್ಜಿ ಕೋಲೂರಿಕೊಂಡು ಬಂದು ಹುಣಸೆ ಮರದ ಬೇರಿನ ಮೇಲೆ ಕೂತು, ಕೋಲಿನಿಂದಲೇ ತೋರಿಸಿ ಹೇಳುವಳು: "ಕಣಗಿಲೆ ಬುಡದ್ದು ನಿಮ್ಮ ಮುತ್ತಜ್ಜ. ಅದ್ರ ಪಕ್ಕದ್ದು ಅವ್ನ ತಮ್ಮ, ಪ್ಲೇಗ್ನಾಗೆ ಹೋದೋನು. ಆ ಸಣ್ಣದು ನನ್ನ ಮೊದಲ್ನೇ ಕೂಸು, ಅದಕ್ಕೆ ಒಂದು ಬೊಗ್ಸೆ ನೀರು ಜಾಸ್ತಿ ಹಾಕ್ರೋ." ನಮ್ಮಲ್ಲಿ ಅತಿ ಚಿಕ್ಕವರು ಯಾರೋ ಅವರೇ ಆ ಸಣ್ಣ ಗುಡ್ಡೆಗೆ ನೀರು ಹಾಕಬೇಕು. ಅದು ಕಟ್ಟಳೆ. ನಾನು ಎರಡು ವರ್ಷ ಹಾಕಿದ್ದೆ, ಆಮೇಲೆ ತಂಗಿಗೆ ಹೋಯಿತು, ಅತ್ತು ಬಿಟ್ಟುಕೊಟ್ಟೆ.

ಎಲ್ಲ ಮುಗಿದ ಮೇಲೆ ದಿಣ್ಣೆಯ ಮೂಡಣ ತುದಿಯ ಕಲ್ಲು. ಎದೆಮಟ್ಟದ ಚಪ್ಪಡಿ, ಒಂದು ಕಡೆಗೆ ವಾಲಿದ್ದು, ಅರ್ಧ ಮಣ್ಣಲ್ಲಿ ಹೂತದ್ದು. ಅದರ ಮೇಲೆ ಕೆಳಗಿನ ಅಂಕಣದಲ್ಲಿ ಕತ್ತಿ ಎತ್ತಿದ ಒಬ್ಬ ಗಂಡಸು, ಅವನ ಕಾಲ ಹತ್ತಿರ ಬಿದ್ದವರು, ಹಿಂದೆ ಕೋಡು ಕಾಣುವ ದನ. ನಡುವೆ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಹೆಂಗಸರು. ತುದಿಯಲ್ಲಿ ಲಿಂಗ, ಅದರ ಮುಂದೆ ಕೈಮುಗಿದು ಕೂತ ಅವನೇ. ಊರಲ್ಲಿ ಅವನನ್ನು ವೀರಪ್ಪ ಅನ್ನುತ್ತಿದ್ದರು, ವೀರಗಲ್ಲು ಎಂಬ ಮಾತನ್ನು ನಾನು ಕಲಿತದ್ದು ಇಸ್ಕೂಲಿನಲ್ಲಿ. ಯಾವ ಕಾಲದಲ್ಲೋ ಊರ ದನ ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತವನಂತೆ. ಅವನಿಗೆ ಮಕ್ಕಳಿರಲಿಲ್ಲವಂತೆ. ಅದಕ್ಕೇ ಊರ ಮಕ್ಕಳೆಲ್ಲ ಅವನ ಮಕ್ಕಳು. ಹರಳೆಣ್ಣೆ ಹಚ್ಚುವುದು ನಮ್ಮ ಪಾಲಿನ ದೊಡ್ಡ ಸಂಭ್ರಮ. ಹದಿನಾರು ಅಂಗೈ ಒಟ್ಟಿಗೆ ಬಿದ್ದು ಕತ್ತಿ, ದನದ ಕೋಡು, ಹೆಂಗಸರ ತುರುಬು ಎಲ್ಲವನ್ನೂ ತಿಕ್ಕಿ ತಿಕ್ಕಿ ಆ ಕಲ್ಲು ಎಮ್ಮೆಯ ಮೈಯಂತೆ ಕಪ್ಪಗೆ ಮಿನುಗುವಂತೆ ಮಾಡುತ್ತಿದ್ದೆವು. ಅವನ ಮೂಗು, ಕಣ್ಣು ಎಂದೋ ಅಳಿಸಿಹೋಗಿದ್ದವು. ಕಾಲವಲ್ಲ, ನಮ್ಮಂಥ ಎಷ್ಟೋ ತಲೆಮಾರಿನ ಮಕ್ಕಳ ಅಂಗೈಯೇ ಅಳಿಸಿರಬೇಕು ಎಂದು ನನಗೆ ಈಗಲೂ ನಂಬಿಕೆ.

ನಮ್ಮ ಜಿಲ್ಲೆಯ ನೆಲದಲ್ಲಿ ಇಂಥ ಕಲ್ಲುಗಳು ಎಷ್ಟೆಂದು! ಬಳ್ಳಿಗಾವಿಯ ಕಡೆ ಹೋದರೆ ಸಾಲುಸಾಲು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟವನ್ನು ದೊಡ್ಡವನಾದ ಮೇಲೆ ತೆಗೆದು ನೋಡಿದಾಗ, ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಸೀಮೆಯ ಪುಟ ಪುಟದಲ್ಲೂ ದನ ಬಿಡಿಸಲು ಹೋಗಿ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ, ಊರಳಿವಿಗೆ ಎದುರು ನಿಂತು ಸತ್ತವರು. ರಾಜರ ಹೆಸರು ಮೊದಲ ಸಾಲಿನಲ್ಲಿ ಬಂದು ಹೋಗುತ್ತದೆ. ಕಲ್ಲು ನಿಂತಿರುವುದು ಮಾತ್ರ ಒಬ್ಬ ಗೌಡನ ಮಗನಿಗೆ, ಒಬ್ಬ ದನಗಾಹಿಗೆ.

ಮನೆಗೆ ಬಂದರೆ ಮನೆ ತುಂಬ ಹಬೆ. ಹೂರಣ ರುಬ್ಬುವ ಒರಳಿನ ಸದ್ದು, ಹೆಂಚಿನ ಮೇಲೆ ಹೋಳಿಗೆಯ ತುಪ್ಪ ಸೀಯುವ ವಾಸನೆ, ಕುಂಬಳಕಾಯಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕಡುಬಿನ ಅಟ್ಟ. ಒಂದನ್ನೂ ಮುಟ್ಟುವ ಹಾಗಿಲ್ಲ. ಎಡೆ ಆಗುವ ತನಕ ಮಕ್ಕಳಿಗೂ ಉಪವಾಸ, ಅಡಿಗೆ ಮಾಡಿದವರು ಉಪ್ಪು ಕೂಡ ನೋಡುವಂತಿಲ್ಲ. ಪಡಸಾಲೆಯ ಪಡುವಣ ಗೋಡೆಗೆ ಕಂಬಳಿ ಹಾಸಿ, ಅದರ ಮೇಲೆ ಹೊಸ ಪಂಚೆ, ಖಣ, ಅಜ್ಜನ ಹಳೆಯ ಕನ್ನಡಕ, ಸುಣ್ಣದ ಡಬ್ಬಿ, ಮುತ್ತಜ್ಜನ ಬೆತ್ತ ಇಟ್ಟು, ಮುಂದೆ ಬಾಳೆಲೆ ಹಾಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಐದು. ಐದು ಎಲೆ ನಮ್ಮ ಮನೆಯವರಿಗೆ. ಅವುಗಳ ಪಕ್ಕ ಸ್ವಲ್ಪ ಬಿಟ್ಟು, ಬಾಗಿಲಿನ ಕಡೆಗೆ, ಆರನೆಯದು.

ಆ ಆರನೆಯ ಎಲೆಗೆ ಅಜ್ಜಿ ತಾನೇ ಬಡಿಸುತ್ತಿದ್ದಳು, ಸೊಸೆಯರ ಕೈಗೆ ಬಿಡುತ್ತಿರಲಿಲ್ಲ. ನಡುವೆ ಐದು ಕಡುಬು, ಎಲೆಯ ಅಂಚಿಗೆ ಮತ್ತೆರಡು ಸಣ್ಣವು. ಬಡಿಸಿದ ಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹೆಸ್ರು ಹೇಳ್ರೋ" ಅನ್ನುತ್ತಿದ್ದಳು. ನಾವು ಮಗ್ಗಿ ಒಪ್ಪಿಸುವ ರಾಗದಲ್ಲಿ ಒಟ್ಟಿಗೆ ಕೂಗುತ್ತಿದ್ದೆವು: ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಐವರೂ ನಮ್ಮ ರಕ್ತದವರಲ್ಲ, ನಮ್ಮ ಊರಿನವರೂ ಅಲ್ಲ. ಅವರು ಈಸೂರಿನವರು.

ಅಜ್ಜಿಯ ಬೆನ್ನ ಹಿಂದಿನ ತಂಗಿಯನ್ನು ಈಸೂರಿಗೆ ಕೊಟ್ಟಿತ್ತು. 1942ರಲ್ಲಿ ಅಜ್ಜಿಗೂ ಹೊಸದಾಗಿ ಮದುವೆಯಾಗಿ ಈ ಮನೆಗೆ ಬಂದ ಹೊತ್ತು. ಗಾಂಧಿ ಹೇಳಿದರೆಂದು ಈಸೂರಿನವರು ಕಂದಾಯ ಕೊಡುವುದಿಲ್ಲ ಎಂದರು. ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ ತಮ್ಮೂರಿಗೆ ಸ್ವಾತಂತ್ರ್ಯ ಬಂತೆಂದು ಸಾರಿದರು. ಮೀಸೆ ಮೂಡದ ಹುಡುಗರನ್ನೇ ಹಿಡಿದು ಒಬ್ಬನನ್ನು ಅಮಲ್ದಾರ, ಒಬ್ಬನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದರು. ಈ ಭಾಗ ಬಂದಾಗಲೆಲ್ಲ ನಾವು ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದೆವು. ನಮ್ಮ ವಯಸ್ಸಿನ ಅಮಲ್ದಾರ! ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಕೂಗನ್ನು ನಾವು ಗೋಲಿ ಆಟದಲ್ಲಿ, ಕಬಡ್ಡಿಯಲ್ಲಿ, ರೊಟ್ಟಿಯ ಕೊನೇ ಚೂರಿನ ಜಗಳದಲ್ಲಿ ಕೂಡ ಬಳಸುತ್ತಿದ್ದೆವು.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರವರು ಪಟ್ಟು ಹಿಡಿದರು, ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಜನ ನುಗ್ಗಿದರು. ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಅಲ್ಲೇ ತೀರಿಕೊಂಡರು. ಆಮೇಲೆ ಪಡೆ ಬಂತು. ಮನೆಗಳಿಗೆ ನುಗ್ಗಿದರು, ಸಿಕ್ಕಿದ್ದನ್ನು ಹೊತ್ತರು, ಸುಟ್ಟರು. ಜನ ಕಾಡು ಬಿದ್ದರು.

ಪಂಚಾಂಗದ ಲೆಕ್ಕ ಹಿಡಿದರೆ ಆಗ ಪಿತೃಪಕ್ಷ ಹಿಡಿದು ಇನ್ನೂ ಮೂರ್ನಾಲ್ಕು ದಿನ. ಅಮಾವಾಸ್ಯೆ ಬಂದಾಗ ಈಸೂರಿನ ಎಷ್ಟು ಮನೆಯಲ್ಲಿ ಒಲೆ ಉರಿದಿತ್ತೋ, ಯಾರ ಹಿರಿಯರಿಗೆ ಯಾರು ಎಡೆ ಇಟ್ಟರೋ. ಅಜ್ಜಿ ಹೇಳುತ್ತಿದ್ದುದು ಇಷ್ಟೇ. ಈಸೂರಿನ ಹೆಂಗಸರು ರಾತ್ರಿ ಹೊತ್ತು ಗದ್ದೆ ಬದುವಿನ ಮೇಲೆ ಕೂಸು ಕಂಕುಳಲ್ಲಿ ಹಿಡಿದುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಬರುತ್ತಿದ್ದರು. ಅವಳ ಅತ್ತೆ, ಅಂದರೆ ನಮ್ಮ ಹಸಿರಂಚಿನ ಖಣದ ಮುತ್ತಜ್ಜಿ, ಹೊಗೆ ಕಾಣಬಾರದೆಂದು ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿ ನಡುರಾತ್ರಿ ರೊಟ್ಟಿ ತಟ್ಟಿ, ಕಂಬಳಿಯಲ್ಲಿ ಸುತ್ತಿ ಕಳಿಸುತ್ತಿದ್ದಳು. ಆ ವರ್ಷ ನಮ್ಮ ಮನೆಯ ಹಿರಿಯರಿಗೂ ಆ ರೊಟ್ಟಿಯೇ ಎಡೆ.

ಅಮಲ್ದಾರ್, ಸಬ್ ಇನ್ಸ್‌ಪೆಕ್ಟರ್ ಇಬ್ಬರ ಸಾವಿಗಾಗಿ ಆ ಐವರಿಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲು ಆದದ್ದು 1943ರ ಮಾರ್ಚ್ 8, 9, 10ರ ಆ ಮೂರು ದಿನಗಳಲ್ಲಿ. ಶಿವರಾತ್ರಿ ಕಳೆದು ವಾರ ಕೂಡ ಆಗಿರಲಿಲ್ಲ. ಮುಂದಿನ ಪಿತೃಪಕ್ಷಕ್ಕೆ ಮುತ್ತಜ್ಜಿ ಆರನೆಯ ಎಲೆ ಹಾಸಿದಳು. "ದೂರದೂರ್ನಾಗೆ ಜೀವ ಹೋದೋವು, ದಾರಿ ಗೊತ್ತಾಗ್ದೆ ಅಲೀತಿರ್ತಾವೆ. ಹೆಸ್ರು ಹಿಡ್ದು ಕರೆದ್ರೆ ಬಂದು ಉಂಡು ಹೋಗ್ತಾವೆ" ಅಂದಿದ್ದಳಂತೆ. ಅವಳಾದ ಮೇಲೆ ಅಜ್ಜಿ. ಓದು ಬರಹ ಇಬ್ಬರಿಗೂ ಬರುತ್ತಿರಲಿಲ್ಲ. ಅಂಚಿನ ಎರಡು ಸಣ್ಣ ಕಡುಬು ಯಾರಿಗೆ ಎಂದು ಅಣ್ಣ ಒಮ್ಮೆ ಕೇಳಿದ. ಅಜ್ಜಿ ಸೌಟು ಕೆಳಗಿಟ್ಟು, "ಆ ಇಬ್ರು ಸಾಹೇಬ್ರಿಗೆ. ಅವ್ರೂ ಯಾರ್ದೋ ಮನೆ ಮಕ್ಳು ಅಲ್ವೇನೋ" ಅಂದಳು. ಸ್ವಾತಂತ್ರ್ಯ ಹೋರಾಟದ ಬಗ್ಗೆ ನಾನು ಆಮೇಲೆ ಓದಿದ ಪುಸ್ತಕಗಳು ಕಡಿಮೆಯೇನಲ್ಲ. ಆ ಎರಡು ಕಡುಬಿಗೆ ಸಮನಾದ ಮಾತು ಇನ್ನೂ ಸಿಕ್ಕಿಲ್ಲ.

ಹಬ್ಬದ ಮರುದಿನ ಗಾಡಿ ಕಟ್ಟಿಕೊಂಡು ಈಸೂರಿನ ಸಣ್ಣಜ್ಜಿಯ ಮನೆಗೆ. ಉಳಿದ ಹೋಳಿಗೆಯ ಬುತ್ತಿ, ಗಾಡಿಯ ಹುಲ್ಲಿನ ಮೇಲೆ ನಾವು, ಎತ್ತಿನ ಕೊರಳ ಗಂಟೆ. ವೀರಭದ್ರನ ಗುಡಿಯ ಮುಂದೆ ಇಳಿದು ಮೊದಲು ಕಾಯಿ ಒಡೆಸಿ, ಆಮೇಲೆ ಇಬ್ಬರು ಅಕ್ಕತಂಗಿಯರೂ ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡು ಮಾತಿಗೆ ತೊಡಗಿದರೆ ಹೊತ್ತು ಮುಳುಗಿದ್ದೇ ತಿಳಿಯುತ್ತಿರಲಿಲ್ಲ. ನಲವತ್ತೆರಡರ ಮಾತು ಅವರು ಆಡುತ್ತಿದ್ದುದು ಕಡಿಮೆ. ಯಾರ ಸೊಸೆ ಬಸುರಿ, ಯಾರ ಎಮ್ಮೆ ಕರು ಹಾಕಿತು, ಇಂಥದ್ದೇ. ನಡುವೆ ಒಮ್ಮೊಮ್ಮೆ ಸಣ್ಣಜ್ಜಿ ಸುಮ್ಮನೆ ಒಂದು ಬೀದಿಯ ಕಡೆ ನೋಡಿ, "ಆ ಮನೇನೂ ಸುಟ್ಟಿದ್ರು" ಅಂದು ಮತ್ತೆ ಎಮ್ಮೆಯ ಸುದ್ದಿಗೆ ಮರಳುತ್ತಿದ್ದಳು.

ಭದ್ರಾವತಿಗೆ ವಾಪಸಾದ ಮೇಲೆ ನಮಗೆ ಇನ್ನೊಂದು ಹಿರಿಯರ ಹಬ್ಬ ಕಾದಿರುತ್ತಿತ್ತು. ಕಾರ್ಖಾನೆಯ ಊರು, ತಮಿಳರು, ತೆಲುಗರು, ಮಲಯಾಳಿಗಳು, ಎಲ್ಲರೂ ನಮ್ಮ ಸಾಲಿನ ಮನೆಗಳಲ್ಲೇ. ನವೆಂಬರ್ 2ಕ್ಕೆ ನಮ್ಮ ಕ್ರಿಶ್ಚಿಯನ್ ಗೆಳೆಯರು ಸಮಾಧಿಗಳಿಗೆ ಸುಣ್ಣ ಹೊಡೆದು, ಚೆಂಡುಹೂ ಹಾಕಿ, ಸಂಜೆಗೆ ಮೇಣದ ಬತ್ತಿ ಹಚ್ಚಲು ಹೋಗುವಾಗ ನಮ್ಮನ್ನೂ ಕರೆದೊಯ್ಯುತ್ತಿದ್ದರು. ಮೋಡಕ್ಕೆ ಒಂದು ಕಡೆ ಕುಲುಮೆಯ ಕೆಂಪು, ಕೆಳಗೆ ನೂರಾರು ಪುಟ್ಟ ದೀಪ. ಅಲ್ಲಿಯೂ ಕಳೆ ಕೀಳುವ ಕೆಲಸ ಮಕ್ಕಳದ್ದೇ ಆಗಿತ್ತು, ನಾವು ಕೇಳದೆಯೇ ಕೂತು ಕಿತ್ತೆವು.

ಅಜ್ಜಿ ಹೋದ ವರ್ಷ ನಾನು ಶಿವಮೊಗ್ಗದಲ್ಲಿ ಕಾಲೇಜಿನಲ್ಲಿದ್ದೆ. ಒಂದು ಮಧ್ಯಾಹ್ನ ಕೋಟೆಯ ಬಳಿಯ ಶಿವಪ್ಪನಾಯಕನ ಅರಮನೆಗೆ ಹೋದೆ, ಅದೀಗ ಸರ್ಕಾರದ ವಸ್ತುಸಂಗ್ರಹಾಲಯ. ಮರದ ಕಂಬಗಳ ಆ ಮನೆಯ ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಯಾವ ಯಾವ ಊರಿನ ವೀರಪ್ಪಂದಿರೋ. ಒಡೆದು ಸೇತುವೆಗೆ, ಬಚ್ಚಲಿಗೆ ಹಾಸುವವರ ಕೈಯಿಂದ ಉಳಿಸಿ ತಂದಿಟ್ಟವರ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಎಣ್ಣೆ ಕಾಣದೆ ಬೂದುಬಣ್ಣಕ್ಕೆ ತಿರುಗಿದ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟಾಗ, ಅದು ಬಿಸಿಲಲ್ಲಿ ಕಾದಿದ್ದರೂ, ನನ್ನ ಕೈ ತಾನಾಗಿಯೇ ಉಜ್ಜತೊಡಗಿತು. ಕಾವಲುಗಾರರು ದೂರದಿಂದ ನೋಡಿದರು, ಏನೂ ಅನ್ನಲಿಲ್ಲ.

ಆರನೆಯ ಎಲೆ ಅಮ್ಮನ ಕೈಗೆ ಬಂತು, ಹಳ್ಳಿಯ ಪಡಸಾಲೆಯಿಂದ ಕ್ವಾರ್ಟರ್ಸಿನ ಎರಡು ಕೋಣೆಗೆ. ಗಾಡಿಗಳು ಹೋದವು, ಕೊಟ್ಟಿಗೆ ಬಿತ್ತು, ಹದಿನಾರು ಮಕ್ಕಳು ಹದಿನಾರು ಊರಿಗೆ ಚೆದುರಿದೆವು. 1923ರಲ್ಲಿ ಬೆಂಕಿ ಕಂಡಿದ್ದ ಅಪ್ಪನ ಕಾರ್ಖಾನೆ, ನೂರು ತುಂಬಿದ ವರ್ಷವೇ ತನ್ನನ್ನು ಮುಚ್ಚುವ ಮಾತು ಕೇಳಿಸಿಕೊಂಡಿತು. ಬೆಂಗಳೂರಿನ ಆ ಜೈಲು ಈಗ ಫ್ರೀಡಂ ಪಾರ್ಕ್. ಒಮ್ಮೆ ಅಲ್ಲಿಗೆ ಹೋದಾಗ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ಒಂದು ಕುಟುಂಬ ಕಂಡಿತು, ಮಕ್ಕಳು ಓಡಾಡುತ್ತಿದ್ದರು. ಅಜ್ಜಿ ನೋಡಿದ್ದರೆ ಸಮಾಧಾನಪಡುತ್ತಿದ್ದಳು, ಅಲ್ಲಿ ಊಟದ ವಾಸನೆ ಇದೆಯಲ್ಲ ಎಂದು.

ಹೋದ ವರ್ಷ ಅಮಾವಾಸ್ಯೆಯ ಮರುದಿನ ತಂಗಿಯನ್ನೂ ಅವಳ ಮಗನನ್ನೂ ಕಟ್ಟಿಕೊಂಡು ಈಸೂರಿಗೆ ಹೋದೆ. ದಾರಿಯಲ್ಲಿ ನಮ್ಮೂರ ದಿಣ್ಣೆ ಹತ್ತಿದೆವು. ಲಂಟಾನ ನಮ್ಮ ತಲೆಯ ಮೇಲೆ ಬೆಳೆದಿತ್ತು, ಕಣಗಿಲೆ ಇರಲಿಲ್ಲ, ಹುಣಸೆ ಇತ್ತು. ಸಣ್ಣ ಗುಡ್ಡೆ ಎಲ್ಲಿ ಎಂದು ತಂಗಿ ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಇದ್ದಿರಬಹುದಾದ ಕಡೆಗೆಲ್ಲ ಒಂದೊಂದು ಬೊಗಸೆ ನೀರು ಹಾಕಿದಳು. ವೀರಪ್ಪ ಮಾತ್ರ ಇನ್ನಷ್ಟು ವಾಲಿಕೊಂಡು ನಿಂತಿದ್ದ. ಹರಳೆಣ್ಣೆ ಸಿಕ್ಕಿರಲಿಲ್ಲ, ಕೊಬ್ಬರಿ ಎಣ್ಣೆಯನ್ನೇ ಹಚ್ಚಿದೆವು. ಹುಡುಗ ಮೊದಲು ಹಿಂಜರಿದವನು ಆಮೇಲೆ ಎರಡೂ ಕೈಯಲ್ಲಿ ದನದ ಕೋಡನ್ನೇ ಹಿಡಿದು ಉಜ್ಜಿದ.

ಈಸೂರಿನಲ್ಲಿ ಈಗ ಸ್ಮಾರಕವಿದೆ. ಹುಡುಗನನ್ನು ಅದರ ಮುಂದೆ ನಿಲ್ಲಿಸಿ, ಹೆಸರು ಹೇಳು ಅಂದೆ. ಅವನು ಕೇಳಿದ, "ಎಲ್ಲ ಬರ್ದಿದಾರಲ್ಲ ಮಾವ, ಯಾಕೆ ಹೇಳ್ಬೇಕು?"

ಆ ಕಡೆ ಹೋದವರು ನೀವೂ ಒಂದು ಗಳಿಗೆ ಅಲ್ಲಿ ನಿಲ್ಲಿ. ಕಣ್ಣಲ್ಲಿ ಓದಿ ಮುಂದೆ ಹೋಗಬೇಡಿ. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಐದೂ ಹೆಸರನ್ನು ಬಾಯಿಬಿಟ್ಟು, ಕೇಳುವ ಹಾಗೆ ಕರೆಯಿರಿ.